ಅಮರಮ್ಮ ಸ್ವಇಚ್ಛೆಯಿಂದ ಇಳಿದರೆಂಬ ತಮ್ಮ ಹಿಂಬರಹದ ಕುರಿತು

ಪ್ರಾದೇಶಿಕ ವಿಮಾನಯಾನದ ಪ್ರಯಾಣಿಕರ ಕುಂದುಕೊರತೆ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ತಾಯಿ ಅಮರಮ್ಮ ಕಳೆದ ಏಪ್ರಿಲ್ ಇಪ್ಪತ್ತೆರಡರಂದು ಬೆಂಗಳೂರಿಗೆ ಹೊರಟ ವಿಮಾನದಿಂದ ತಾವಾಗಿಯೇ ಇಳಿದುಹೋದರು ಎಂದು ತಾವು ಮೊಹರು ಒತ್ತಿ ತಿಳಿಸಿದ್ದೀರಿ. ತಮ್ಮ ಹಿಂಬರಹದ ಮಾತುಗಳನ್ನೇ ಇಲ್ಲಿ ಬರೆಯುತ್ತೇನೆ: “ಸದರಿ ದಿನದಂದು ಕೊನೆಯ ಸಾಲಿನ ಮೂವರು ಮಹಿಳಾ ಪ್ರಯಾಣಿಕರು ಸ್ವಇಚ್ಛೆಯಿಂದ ಪ್ರಯಾಣವನ್ನು ಕೈಬಿಟ್ಟು, ನೀಡಲಾದ ಉಪಾಹಾರವನ್ನು ಸ್ವೀಕರಿಸಿ, ಸಂತೃಪ್ತರಾಗಿ ನಿರ್ಗಮಿಸಿರುತ್ತಾರೆ. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.” ಇದರಲ್ಲಿ ಉಪಾಹಾರದ ಮಾತು ನಿಜ. ಎರಡು ಬಿಸ್ಕೆಟ್ ಪೊಟ್ಟಣ, ಒಂದು ಮಾವಿನ ರಸದ ಡಬ್ಬಿ ಕೊಟ್ಟರು, ತೆಗೆದುಕೊಂಡೆವು. ಉಳಿದದ್ದೆಲ್ಲ ಸುಳ್ಳು. ಇಳಿದವರು ಮೂವರಲ್ಲ, ಇಬ್ಬರು. ಇಳಿಯುವ ಇಚ್ಛೆ ಆ ಇಬ್ಬರಲ್ಲಿ ಯಾರಿಗೂ ಇರಲಿಲ್ಲ. ಸಂತೃಪ್ತಿಯನ್ನು ತಮ್ಮ ಸಿಬ್ಬಂದಿ ಯಾವ ಉಪಕರಣದಿಂದ ಅಳೆದರೋ ನನಗೆ ತಿಳಿಯದು.

ಒಂದು ಪದದ ಬಗ್ಗೆ ಇಷ್ಟು ದೊಡ್ಡ ಪತ್ರವೇ, ಅದೂ ಪತ್ರಿಕೆಯಲ್ಲಿಯೇ ಎಂದು ತಾವು ಕೇಳಬಹುದು. ತಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರು ಸಲವೂ ದೂರು ಮುಕ್ತಾಯಗೊಂಡಿದೆ ಎಂಬ ಉತ್ತರವೇ ಬಂತು. ಮುಕ್ತಾಯವಾದದ್ದು ತಮ್ಮ ಕಡತ. ನಮ್ಮ ಕಷ್ಟ ಆ ಪದದಿಂದಲೇ ಶುರುವಾಗಿದೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನಾನು ಮಾನ್ವಿಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ತಾಯಿಗೆ ಅರವತ್ತೆರಡು ವರ್ಷ. ಇನ್ನು ಮುಂದೆ ಅವ್ವ ಎಂದೇ ಬರೆಯುತ್ತೇನೆ, ತಾಯಿ ಎಂದು ಬರೆದರೆ ಬೇರೆ ಯಾರದೋ ವಿಷಯ ಎನಿಸುತ್ತದೆ. ಅವ್ವ ದೇವದುರ್ಗ ತಾಲ್ಲೂಕಿನ ಗೂಗಲ್‌ನಲ್ಲಿ ಹುಟ್ಟಿ, ಮದುವೆಯಾಗಿ ಮಾನ್ವಿ ಕಡೆಗೆ ಬಂದು, ಮೂವತ್ತು ವರ್ಷ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕೂಲಿಗೆ ನೆಲ್ಲು ಹಚ್ಚಿದವಳು, ಎಂದರೆ ಭತ್ತದ ನಾಟಿ ಮಾಡಿದವಳು. ನನ್ನ ತಂಗಿ ದುರ್ಗಾ ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಅದೇ ಗದ್ದೆಗಳ ಮಣ್ಣಿನ ಮೇಲೆ ಸಂಶೋಧನೆ ಮಾಡಿದ್ದಾಳೆ. ಕಾಲುವೆಯ ಕೊನೆಭಾಗದ ಹೊಲಗಳಲ್ಲಿ ಉಪ್ಪು ಮೇಲೆದ್ದು ಭೂಮಿ ಸವಳಾಗುವುದು ಅವಳ ವಿಷಯ. ಐದು ವರ್ಷ ಅವಳು ಈ ಕೆಲಸ ಮಾಡಿದಾಗ ಅವ್ವ ಕೇಳಿದ್ದು ಇಷ್ಟೇ: “ಐದು ವರ್ಷ ಆ ಮಣ್ಣಾಗ ಏನು ನೋಡಾಕತ್ತಿದಿ ಬೇ? ನನ್ನ ಕೇಳಿದ್ರ ಒಂದು ತಾಸಿನಾಗ ಹೇಳ್ತಿದ್ದೆ.”

ದುರ್ಗಾ ನಿಜವಾಗಿಯೂ ಕೇಳಿದಳು. ಅವ್ವ ಹೇಳಿದ್ದು ಪ್ರಬಂಧದಲ್ಲಿ ಎರಡು ಪುಟವಾಯಿತು. ಯಂತ್ರಕ್ಕೆ ಉಪ್ಪು ಸಿಗುವ ಎರಡು ಹಂಗಾಮು ಮೊದಲೇ ನೆಲ್ಲು ಹಚ್ಚುವ ಹೆಂಗಸರಿಗೆ ಅದು ಗೊತ್ತಾಗಿರುತ್ತದೆ ಎಂಬುದು ಆ ಪುಟಗಳ ಸಾರ. ಕೆಳಗೆ ಆಧಾರ: ಅಮರಮ್ಮ, ಕೃಷಿ ಕಾರ್ಮಿಕರು, ಮೌಖಿಕ ಮಾಹಿತಿ. ಹೊರಗಿನಿಂದ ಬರುವ ಪರೀಕ್ಷಕರು ಇದನ್ನು ಓದಿ, ಇದು ಬಹಳ ದೊಡ್ಡ ಮಾತು, ಈ ಹೆಣ್ಣುಮಗಳನ್ನು ಖುದ್ದು ಮಾತನಾಡಿಸದೆ ಒಪ್ಪಲಾರೆ ಎಂದು ಬರೆದರು. ಹೀಗಾಗಿ ಮೌಖಿಕ ಪರೀಕ್ಷೆಯ ದಿನ ಮಧ್ಯಾಹ್ನ ಮೂರಕ್ಕೆ ಅವ್ವ ಬೆಂಗಳೂರಿನಲ್ಲಿ ಹಾಜರಿರಬೇಕಾಯಿತು. ಅವ್ವನ ಮಂಡಿಗೆ ರೈಲಿನ ಮೇಲಿನ ಬರ್ತ್ ಆಗದು, ಕೆಳಗಿನ ಬರ್ತ್ ನಮಗೆ ಸಿಗದು. ಒಂದು ಸಲ ಅವ್ವ ವಿಮಾನ ಹತ್ತಲಿ ಎಂಬ ಆಸೆಯೂ ದುರ್ಗಾಳಿಗಿತ್ತು. ಶ್ರೀಸಾಮಾನ್ಯನಿಗಾಗಿಯೇ ಇಟ್ಟಿದ್ದೇವೆಂದು ತಾವು ಜಾಹೀರಾತು ಕೊಡುವ ರಿಯಾಯಿತಿ ದರದ ಸೀಟು ಎರಡು ಸಿಕ್ಕವು.

ಪಕ್ಕದ ಜಿಲ್ಲೆಯ ವಿಮಾನ ನಿಲ್ದಾಣಕ್ಕೆ ನಾವು ಎರಡು ಚೀಲದೊಂದಿಗೆ ತಲುಪಿದೆವು. ಒಂದರಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದರಲ್ಲಿ ಮಣ್ಣು. ಪರೀಕ್ಷಕರು ಕೇಳಿದರೆ ತೋರಿಸಲು ಬೇಕು ಎಂದು ಅವ್ವ ಕಾಲುವೆಯ ಮೇಲಿನ, ನಡುವಿನ, ಕೊನೆಯ ಗದ್ದೆಗಳಿಂದ ಮೂರು ಗಂಟು ಕಟ್ಟಿಕೊಂಡಿದ್ದಳು. ತಪಾಸಣೆಯವರು ಚೀಲ ಬಿಚ್ಚಿಸಿದರು.

“ಏನಮ್ಮಾ ಇದು?”

“ಮಣ್ಣು ರೀ.”

“ಮಣ್ಣು ಯಾಕೆ ತಗೊಂಡು ಹೋಗ್ತಿದ್ದೀರಾ?”

“ಬೆಂಗಳೂರಾಗ ಮಗಳಿಗಿ ಪರೀಕ್ಷಿ ಅದ ರೀ. ನನಗೂ ಪ್ರಶ್ನಿ ಕೇಳ್ತಾರಂತ.”

ಅವರು ಮೂರೂ ಗಂಟು ಮುಟ್ಟಿ ನೋಡಿದರು. “ಎಲ್ಲಾ ಒಂದೇ ಥರ ಇದೆಯಲ್ಲಮ್ಮಾ?”

“ನೋಡಾಕ ಒಂದs ರೀ. ಕಾಲಿಗಿ ಬ್ಯಾರಿ.”

ಅವರು ನಕ್ಕು ಬಿಟ್ಟುಕೊಟ್ಟರು. ಆ ದಿನ ನಾವು ಕಂಡ ಸರಕಾರಿ ಸಿಬ್ಬಂದಿಯಲ್ಲಿ ವಿಷಯ ಅರ್ಥಮಾಡಿಕೊಂಡವರು ಅವರೊಬ್ಬರೇ. ಎರಡು ಚೀಲ ಸೇರಿ ಸರಿಯಾಗಿ ಮೂವತ್ತು ಕಿಲೋ ತೂಗಿದವು. ಈ ಅಂಕಿ ಮುಂದೆ ಬೇಕಾಗುತ್ತದೆ, ದಯವಿಟ್ಟು ಗಮನದಲ್ಲಿರಲಿ.

ವಿಮಾನ ಹೊರಡಬೇಕಾದದ್ದು ಒಂಬತ್ತೂಕಾಲಿಗೆ. ಬಂದದ್ದೇ ಹನ್ನೊಂದೂವರೆಗೆ. ಕಾರಣ ತಾಂತ್ರಿಕ ಎಂದರು. ವಿಮಾನವನ್ನು ಕಂಡ ಮೇಲೆ ಕಾರಣದ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ. ಐವತ್ತು ಸೀಟಿನ ಪುಟ್ಟ ಜೆಟ್ ಅದು. ಒಂದು ಕಡೆ ಒಂಟಿ ಸೀಟು, ಇನ್ನೊಂದು ಕಡೆ ಜೋಡಿ ಸೀಟು. ಬೇರೆ ಯಾವುದೋ ದೇಶದಲ್ಲಿ ಸೇವೆ ಸಲ್ಲಿಸಿ, ನಿವೃತ್ತಿಯ ನಂತರ ನಮ್ಮ ಭಾಗಕ್ಕೆ ನಿಯೋಜನೆಗೊಂಡಂತಿತ್ತು. ಕಿಟಕಿಯ ಪಕ್ಕದ ಸೂಚನೆ ನಾನು ಓದಲಾಗದ ಭಾಷೆಯಲ್ಲಿತ್ತು. ಸೀಟಿನ ತೋಳಿನಲ್ಲಿ ಸಿಗರೇಟಿನ ಬೂದಿ ಹಾಕುವ ಡಬ್ಬಿ ಇತ್ತು. ಅದರ ಮುಚ್ಚಳಕ್ಕೆ ಸ್ಕ್ರೂ ಬಿಗಿದು, ಧೂಮಪಾನ ನಿಷೇಧಿಸಿದೆ ಎಂಬ ಚೀಟಿ ಅಂಟಿಸಿದ್ದರು. ನನ್ನ ತಲೆಯ ಮೇಲಿನ ಫಲಕವನ್ನು ಬೆಳ್ಳಿ ಬಣ್ಣದ ಟೇಪು ಹಿಡಿದುಕೊಂಡಿತ್ತು. ಹಳತಾಗುವುದು ಅಪರಾಧವಲ್ಲ. ನಮ್ಮ ಕಡೆ ಹಳೆಯ ಬಸ್ಸುಗಳೊಂದಿಗೆ ಎಲ್ಲರೂ ಬದುಕಿದ್ದೇವೆ, ದೂಡಿಯೂ ಇದ್ದೇವೆ. ಅವ್ವ ಸೀಟನ್ನು ಒಮ್ಮೆ ಅದುಮಿ ನೋಡಿ, “ದೇವದುರ್ಗದ ಬಸ್ಸಿಗಿಂತ ಮೆತ್ತಗದ” ಎಂದಳು. ಇದನ್ನು ಪ್ರಶಂಸೆ ಎಂದು ತಾವು ಕಡತದಲ್ಲಿ ದಾಖಲಿಸಬಹುದು.

ನಮ್ಮದು ಕೊನೆಯ ಸಾಲು. ಅತ್ತ ಒಂಟಿ ಸೀಟಿನಲ್ಲಿ ರಾಯಚೂರಿನ ಕುಬ್ರಾ ಬೇಗಂ ಎಂಬುವರು ಕುಳಿತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಜೊತೆಗೆ ಯಾರಿಲ್ಲ, ಕೈಯಲ್ಲಿ ಒಂದು ಸಣ್ಣ ಬಟ್ಟೆಯ ಚೀಲ. ಅವರು ಮುಖಕ್ಕೆ ಸೆರಗು ಒತ್ತಿಕೊಂಡೇ ಇದ್ದರು. ಸೆಖೆಗೆ ಇರಬೇಕು ಎಂದುಕೊಂಡೆ, ಏಕೆಂದರೆ ನೆಲದ ಮೇಲಿರುವಾಗ ಆ ವಿಮಾನದ ಎಸಿ ಕೆಲಸ ಮಾಡುತ್ತಿರಲಿಲ್ಲ. ಅವ್ವ ಸೆಖೆ ಎಂದುಕೊಳ್ಳಲಿಲ್ಲ. “ಯಾಕ ಯಕ್ಕಾ, ಏನಾತು?” ಎಂದು ಕೇಳಿಯೇಬಿಟ್ಟಳು.

“ನಮ್ಮ ಆಪಾ ಹೋಗಿಬಿಟ್ರವ್ವಾ,” ಎಂದರು ಅವರು. ಅಕ್ಕ ಸುಗ್ರಾ ಬೇಗಂ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಕಾಯಿಲೆ ಬಿದ್ದಿದ್ದರು. ನೋಡಿಕೊಂಡು ಬರೋಣ ಎಂದು ಕುಬ್ರಾ ಬೇಗಂ ವಾರದ ಹಿಂದೆಯೇ ಟಿಕೆಟ್ ಮಾಡಿಸಿದ್ದರು. ಬೆಳಿಗ್ಗೆ ದಾರಿಯಲ್ಲಿರುವಾಗ ಫೋನ್ ಬಂದಿತ್ತು. “ಸಂಜೀ ಅಸರ್ ನಮಾಜ್ ಆದ ಮ್ಯಾಲೆ ದಫನ್ ಅಂತ. ಅಷ್ಟೊತ್ತಿಗಿ ಮಾರಿ ನೋಡಬೇಕು. ಬಿಸಲು ಭಾಳ ಅದ, ಇಡಾಕ ಆಗಂಗಿಲ್ಲ ಅಂದ್ರು.” ಅವ್ವ ಬೆಲ್ಟು ಬಿಚ್ಚಿ, ದಾಟಿ ಹೋಗಿ, ಅವರ ಕೈ ಹಿಡಿದುಕೊಂಡಳು. ಗಗನಸಖಿ ಬಂದು ಮತ್ತೆ ಬೆಲ್ಟು ಕಟ್ಟಿಸಿದಳು.

ವಿಮಾನ ರನ್‌ವೇ ತುದಿಯವರೆಗೆ ಹೋಯಿತು. ಅಲ್ಲಿ ನಿಂತಿತು. ಎಂಜಿನ್ ಜೋರಾಯಿತು, ಮತ್ತೆ ಸಣ್ಣಗಾಯಿತು. ಆಮೇಲೆ ಹೊರಳಿ, ಹೊರಟ ಜಾಗಕ್ಕೇ ಬಂದು ನಿಂತಿತು. ಅವ್ವ ಕಿಟಕಿಯಿಂದ ಅದೇ ಕಟ್ಟಡ ನೋಡಿ, “ಬೆಂಗಳೂರೂ ಹಿಂಗs ಅದ ಏನು?” ಎಂದಳು. ಇಲ್ಲ, ತಿರುಗಿ ಬಂದೆವು ಎಂದೆ. “ಇಷ್ಟಕ್ಕ ಬೆಲ್ಟು ಯಾಕ ಕಟ್ಟಸಿದ್ರು?” ಎಂದಳು. ತಾವು ಪ್ರಯಾಣ ಕೈಬಿಟ್ಟರು ಎಂದು ಬರೆದಿರುವ ಪ್ರಯಾಣದ ಒಟ್ಟು ದೂರ ಇದು: ಸುಮಾರು ಎರಡು ಕಿಲೋಮೀಟರ್ ಹೋಗುವುದು, ಎರಡು ಕಿಲೋಮೀಟರ್ ಬರುವುದು.

ಸಿಬ್ಬಂದಿಯೊಬ್ಬರು ಕಾಗದ ಹಿಡಿದು ಒಳಗೆ ಬಂದರು. ಹೊರಗೆ ನಲವತ್ತಮೂರು ಡಿಗ್ರಿ. ಬಿಸಿಗೆ ಗಾಳಿ ತೆಳ್ಳಗಾಗಿದೆ. ತೆಳ್ಳಗಿನ ಗಾಳಿಯಲ್ಲಿ ಈ ವಿಮಾನ ಇಷ್ಟು ತೂಕ ಎತ್ತಲಾರದು. ನೂರ ಎಂಬತ್ತು ಕಿಲೋ ಇಳಿಸಬೇಕು ಎಂದರು. ಇದು ವಿಜ್ಞಾನ, ನಾನು ವಾದಿಸುವುದಿಲ್ಲ. ಆದರೆ ಒಂಬತ್ತೂಕಾಲಿಗೆ ಗಾಳಿ ಇಷ್ಟು ತೆಳ್ಳಗಿರಲಿಲ್ಲವಲ್ಲ? ತಡವಾದದ್ದಕ್ಕೆ ಬಿಸಿಲೇರಿತು, ಬಿಸಿಲೇರಿದ್ದಕ್ಕೆ ತೂಕ ಹೆಚ್ಚಾಯಿತು, ತೂಕ ಹೆಚ್ಚಾದದ್ದಕ್ಕೆ ನಾವು ಹೆಚ್ಚಾದೆವು. ಇಷ್ಟರಲ್ಲಿ ನಮ್ಮ ಇಚ್ಛೆ ಎಲ್ಲಿ ಒಳಗೆ ಬಂತು ಎಂಬುದನ್ನು ತಾವು ತೋರಿಸಬೇಕು.

ಕಾಗದದಲ್ಲಿ ಮೂರು ಹೆಸರಿದ್ದವು. ಅಮರಮ್ಮ, ಸುಜಾತಾ ಎಂಬ ನಾನು, ಕುಬ್ರಾ ಬೇಗಂ. ನಾವೇ ಏಕೆ ಎಂದು ಕೇಳಿದೆ. ಕಂಪ್ಯೂಟರ್ ಆರಿಸಿದೆ ಎಂದರು. ಕಂಪ್ಯೂಟರ್ ಏಕೆ ರಿಯಾಯಿತಿ ದರದವರನ್ನೇ ಆರಿಸಿತು ಎಂದು ಕೇಳಿದೆ. ಅದು ಕಾಕತಾಳೀಯ ಎಂದರು. ವಿಮಾನದ ಹೊಟ್ಟೆಯಲ್ಲಿರುವ ಸರಕು ಇಳಿಸಬಹುದಲ್ಲ ಎಂದೆ.

“ಪಾರ್ಸೆಲ್‌ಗೆ ಕರಾರು ಇರುತ್ತೆ, ಮೇಡಂ.”

“ನಮಗೆ?”

“ನಿಮಗೆ ಟಿಕೆಟ್ ಇದೆ, ಮೇಡಂ. ದಯವಿಟ್ಟು ಸಹಕರಿಸಿ. ನಲವತ್ತೇಳು ಜನ ಕಾಯ್ತಿದ್ದಾರೆ.”

ಮುಂದಿನ ಸಾಲುಗಳಿಂದ ಜನ ತಿರುಗಿ ನೋಡತೊಡಗಿದರು. ಬೇಗ ಇಳೀರಿ ಎಂದು ಯಾರೂ ಹೇಳಲಿಲ್ಲ. ಗಡಿಯಾರ ನೋಡಿಕೊಂಡರು, ಅಷ್ಟೇ. ಕುಬ್ರಾ ಬೇಗಂ ಬಟ್ಟೆಯ ಚೀಲ ಎತ್ತಿಕೊಂಡು ಎದ್ದು ನಿಂತರು. ಹೇಳಿದರೆ ಇಳಿಯಬೇಕು ಎಂಬುದು ಅವರಿಗೆ ಅಭ್ಯಾಸವಾಗಿತ್ತು. ತರಗತಿಯಲ್ಲಿ ನಾಗರಿಕ ಹಕ್ಕುಗಳನ್ನು ಮುಕ್ಕಾಲು ಗಂಟೆ ನಿಲ್ಲದೆ ಹೇಳಬಲ್ಲ ನನಗೆ ಆ ಹೊತ್ತಿಗೆ ಒಂದು ವಾಕ್ಯವೂ ಹೊಳೆಯಲಿಲ್ಲ.

ಮಾತಾಡಿದವಳು ಅವ್ವ. “ಎಷ್ಟು ಇಳೀಬೇಕಂದ್ರಿ?”

“ನೂರ ಎಂಬತ್ತು ಕಿಲೋ, ಅಮ್ಮಾ.”

“ಒಬ್ಬರಿಗಿ ಎಷ್ಟು ಹಿಡೀತೀರಿ?”

ದೊಡ್ಡವರಿಗೆ ತಲಾ ಎಪ್ಪತ್ತೈದು ಎಂದು ಲೆಕ್ಕ ಎಂದರು. ಅವ್ವ ನಲವತ್ತನಾಲ್ಕು ಕಿಲೋ ಇದ್ದಾಳೆ. ಜೀವನದಲ್ಲಿ ಎಂದೂ ಎಪ್ಪತ್ತೈದು ತೂಗಿದವಳಲ್ಲ. ಅದನ್ನು ಅವಳು ಹೇಳಲಿಲ್ಲ. ಸುಗ್ಗಿಯಲ್ಲಿ ಚೀಲ ತೂಗುವಲ್ಲಿ ನಿಂತು ಅವಳಿಗೆ ಲೆಕ್ಕ ಗೊತ್ತು. “ಹಂಗಾದ್ರ ನಾನು, ನನ್ನ ಮಗಳು, ಒಂದೂವರಿ ಕ್ವಿಂಟಲ್ ಆತು. ನಮ್ಮ ಎರಡು ಚೀಲ ನೀವ ತೂಗೀರಿ, ಮೂವತ್ತು ಕಿಲೋ. ಅವನ್ನೂ ಇಳಿಸ್ರಿ. ನೂರ ಎಂಬತ್ತು ಆತಲ್ಲ? ಈ ಯಕ್ಕನ್ನ ಬಿಡ್ರಿ.”

ಸಿಬ್ಬಂದಿ ಕಾಗದ ನೋಡಿದರು. ಮುಂದೆ ಹೋಗಿ ಪೈಲಟ್ ಜೊತೆ ಮಾತಾಡಿ ಬಂದರು. ಲೆಕ್ಕ ಸರಿಯಿದೆ ಎಂದರು.

“ಯವ್ವಾ, ಮೂರಕ್ಕ ದುರ್ಗಾ...” ಎಂದೆ ನಾನು.

“ಗೊತ್ತದ. ದುರ್ಗಾ ನಾಳಿನೂ ಇರ್ತಾಳ. ಇವರ ಅಕ್ಕ ಸಂಜೀ ತನಕ ಅಷ್ಟ,” ಎಂದಳು ಅವ್ವ. ಕುಬ್ರಾ ಬೇಗಂ ಅವರನ್ನು ಭುಜ ಹಿಡಿದು ಕೂರಿಸಿ, ಬೆಲ್ಟನ್ನು ತಾನೇ ಕಟ್ಟಿದಳು. ಅಷ್ಟು ಹೊತ್ತಿಗೆ ಅವಳಿಗೆ ಅದು ಚೆನ್ನಾಗಿ ಅಭ್ಯಾಸವಾಗಿತ್ತು.

ಇನ್ನು ತಾವು ಪದೇ ಪದೇ ಉಲ್ಲೇಖಿಸುವ ಸಹಿಯ ವಿಷಯ. ಕೆಳಗಿಳಿದ ಮೇಲೆ ನಾನು ಮುಂದಿನ ವಿಮಾನ ಯಾವಾಗ ಎಂದು ಒಂದು ಕೌಂಟರಿನಲ್ಲಿ ಕೇಳುತ್ತಿದ್ದೆ. ನಾಡಿದ್ದು ಎಂದು ತಿಳಿದು ಜಗಳವಾಡುತ್ತಿದ್ದೆ. ಇನ್ನೊಂದು ಕೌಂಟರಿನಲ್ಲಿ ಅವ್ವನ ಮುಂದೆ ಒಂದು ಹಾಳೆ ಇಟ್ಟು, “ಚೀಲ ವಾಪಸ್ ತಗೊಳ್ಳೋಕೆ ಸಹಿ ಬೇಕಮ್ಮಾ” ಎಂದರು. ಅವ್ವ ಸಾಕ್ಷರತಾ ಕೇಂದ್ರದಲ್ಲಿ ಕಲಿತ ಐದಕ್ಷರದ ಸಹಿ ಹಾಕಿದಳು: ಕುಂ. ಅಮರಮ್ಮ. ಮನೆತನದ ಹೆಸರಿನಿಂದ ಬಂದ ಇನಿಷಿಯಲ್ ಸಮೇತ. ಹಾಳೆ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಚೀಲದ ಮಾತು ಒಂದೂ ಇರಲಿಲ್ಲ, ಸ್ವಇಚ್ಛೆಯ ಮಾತು ಎರಡು ಸಲ ಇತ್ತು ಎಂಬುದು ತಾವು ಕಳಿಸಿದ ನಕಲಿನಿಂದ ನನಗೆ ತಿಳಿಯಿತು. ಪ್ರತಿವರ್ಷ ಜುಲೈನಲ್ಲಿ ನಾನು ಸಮ್ಮತಿ ಎಂದರೇನು ಎಂಬ ಪಾಠ ಮಾಡುತ್ತೇನೆ. ಹತ್ತು ಹೆಜ್ಜೆ ದೂರದಲ್ಲಿ ನಮ್ಮವ್ವನ ಸಮ್ಮತಿ ಹೀಗೆ ತಯಾರಾಗುತ್ತಿದ್ದಾಗ ನಾನು ಬೆನ್ನು ಹಾಕಿ ನಿಂತಿದ್ದೆ. ಈ ತಪ್ಪು ನನ್ನದು. ಇದನ್ನು ತಮ್ಮ ಮೇಲೆ ಹೊರಿಸುವುದಿಲ್ಲ.

ಬಸ್ಸು ಹಿಡಿದು ವಾಪಸ್ ಹೊರಟೆವು. ಗೂಗಲ್ ಸೇತುವೆ ದಾಟುವಾಗ ಅವ್ವ ಯಾವಾಗಲೂ ಅಲ್ಲಮಪ್ರಭುವಿನ ಗುಡಿಯ ಕಡೆಗೆ ಕೈಮುಗಿದು, ತವರಿನ ಒಬ್ಬೊಬ್ಬರ ಹೆಸರು ಹೇಳುತ್ತಾಳೆ. ಆ ದಿನ ಹೊಳೆಯ ಕಡೆ ನೋಡಲೇ ಇಲ್ಲ. ಮಣ್ಣಿನ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು, “ಆ ಹುಡುಗಿ ದುರ್ಗಾ ಪರೀಕ್ಷಿಯವರಿಗಿ ಏನು ಹೇಳತದೋ” ಎಂದಳು.

ದುರ್ಗಾ ಪರೀಕ್ಷಕರನ್ನು ಬೇಡಿಕೊಂಡು ಅವ್ವನ ಭಾಗವನ್ನು ಕೊನೆಗೆ ಹಾಕಿಸಿಕೊಂಡಿದ್ದಳು. ನಾಲ್ಕೂವರೆಗೆ ಫೋನ್ ಬಂದಾಗ ನಾವು ದೇವದುರ್ಗದ ಬಸ್ ನಿಲ್ದಾಣದಲ್ಲಿದ್ದೆವು. ಮೈಕಿನಲ್ಲಿ ಬಸ್ಸು ಹೋಗುವ ಊರುಗಳ ಹೆಸರು ಕೂಗುತ್ತಿದ್ದರು. ಪರೀಕ್ಷಕರು ಕನ್ನಡದಲ್ಲಿಯೇ ಕೇಳಿದರು: “ಅಮ್ಮಾ, ಭೂಮಿ ಸವಳಾಗೋದು ನಿಮಗೆ ಹೇಗೆ ಗೊತ್ತಾಗುತ್ತೆ?”

ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಎದ್ದು ನಿಂತು ಹೇಳಿದಳು. “ಮೊದಲ ಕಾಲಿಗಿ ಗೊತ್ತಾಗತದ ರೀ. ಗದ್ಯಾಗ ನೀರು ತಿಳಿ ನಿಂತಿರ್ತದ, ನೋಡಾಕ ಭಾಳ ಚಂದ. ಚಲೋ ಗದ್ಯಾಗ ನೀರು ಅಷ್ಟು ತಿಳಿ ಇರಂಗಿಲ್ಲ. ಕಾಲಿಟ್ರ ಹಿಮ್ಮಡದ ಬಿರುಕು ಚುರುಚುರು ಅಂತದ. ಆವಾಗ ನಾವು ಹೆಣ್ಣುಮಕ್ಕಳು ಮಾತಾಡಿಕೋತೀವಿ, ಈ ಹೊಲ ಇನ್ನ ಭಾಳ ದಿನ ಇಲ್ಲ ಅಂತ.”

ಆಮೇಲೆ ಅವರು ಕೇಳಿದರು: “ಅದನ್ನ ಹೊಲದ ಮಾಲೀಕರಿಗೆ ಹೇಳ್ತಿದ್ರಾ?” ಅವ್ವ ಬಾಯಿ ತೆರೆದಳು. ಮೈಕು ಗಿಲ್ಲೆಸುಗೂರು, ಗಿಲ್ಲೆಸುಗೂರು ಎಂದು ಕೂಗಿತು. ಫೋನ್ ಕಡಿಯಿತು. ಮತ್ತೆ ಸಿಗುವಷ್ಟರಲ್ಲಿ ಪರೀಕ್ಷಕರು ತಮ್ಮ ಊರಿಗೆ ಹೊರಟಾಗಿತ್ತು.

ದುರ್ಗಾ ಉತ್ತೀರ್ಣಳಾದಳು, ಒಂದು ಷರತ್ತಿನೊಂದಿಗೆ. ಮಾಹಿತಿದಾರರು ಗೈರುಹಾಜರಾದ ಕಾರಣ ಆ ಎರಡು ಪುಟಗಳನ್ನು ತೆಗೆಯಬೇಕು. ಗೈರುಹಾಜರಿ ಅವರ ಕೈಮೀರಿದ ಕಾರಣದಿಂದ ಆಗಿದ್ದರೆ, ಅದಕ್ಕೆ ಸಂಬಂಧಪಟ್ಟ ಕಚೇರಿಯ ಪತ್ರ ತಂದು ತೊಂಬತ್ತು ದಿನದೊಳಗೆ ಮತ್ತೊಮ್ಮೆ ಹಾಜರಾಗಬಹುದು. ನಾನು ತಮ್ಮಲ್ಲಿ ಬೇಡಿದ್ದು ಆ ಒಂದು ಪತ್ರ. ತಾವು ಕೊಟ್ಟದ್ದು ಸ್ವಇಚ್ಛೆಯ ಹಿಂಬರಹ. ವಿಶ್ವವಿದ್ಯಾಲಯದವರು ಅದನ್ನು ಓದಿ, ಹಾಗಾದರೆ ಅವರಿಗೇ ಬರಲು ಮನಸ್ಸಿರಲಿಲ್ಲವಲ್ಲ ಎಂದರು. ಅವರನ್ನು ನಾನು ಹೇಗೆ ದೂರಲಿ? ಕಾಗದದಲ್ಲಿ ಹಾಗೆಯೇ ಇದೆ.

ತಾವು ಹೇಳಬಹುದು: ಅಮರಮ್ಮನವರೇ ಚೌಕಾಸಿ ಮಾಡಿ ಇಳಿದರಲ್ಲ, ಅದು ಇಚ್ಛೆಯಲ್ಲವೇ? ಮಾನ್ಯರೇ, ಹೆಸರು ಕಾಗದದಲ್ಲಿ ಬಂದಾಗಲೇ ಅವಳ ಸೀಟು ಹೋಗಿತ್ತು. ಹೋದ ಮೇಲೆ ಅವಳು ಮಾಡಿದ್ದು ಇನ್ನೊಬ್ಬರದನ್ನು ಉಳಿಸುವ ಕೆಲಸ. ಅದನ್ನು ಅವಳು ಕೊಟ್ಟದ್ದು ಕುಬ್ರಾ ಬೇಗಂ ಅವರಿಗೆ, ತಮ್ಮ ಇಲಾಖೆಗಲ್ಲ. ತಾವು ಅದನ್ನು ತಮ್ಮ ಖಾತೆಗೆ ಬರೆದುಕೊಂಡಿದ್ದೀರಿ.

ಅಂದಹಾಗೆ, ತಮ್ಮ ದಾಖಲೆಯ ಪ್ರಕಾರ ಕುಬ್ರಾ ಬೇಗಂ ಅವರೂ ಆ ದಿನ ಬೆಂಗಳೂರಿಗೆ ಹೋಗಿಲ್ಲ. ನಲವತ್ತನೆಯ ದಿನದ ಫಾತಿಹಾ ಮುಗಿಸಿ ಅವರು ವಿಳಾಸ ಹುಡುಕಿಕೊಂಡು ಮಾನ್ವಿಗೆ ಬಂದಿದ್ದರು. ಅಕ್ಕನ ಮುಖ ಸಿಕ್ಕಿತು, ನಾನೇ ಕೈಯಾರೆ ಗುಲಾಬ್ ನೀರು ಹಾಕಿದೆ ಎಂದು ಹೇಳಿ ಅತ್ತರು. ತಮ್ಮ ಹಿಂಬರಹ ಓದಿ ಹೇಳಿದಾಗ ಕಣ್ಣೊರೆಸಿಕೊಂಡು, “ಅರೇ, ನಾನು ಹೋಗಿಲ್ಲೇನು? ಹಂಗಾದ್ರ ಅಲ್ಲಿ ಯಾರು ಹೋಗಿದ್ರು?” ಎಂದು ಕೇಳಿದರು. ಅವರ ಬೋರ್ಡಿಂಗ್ ಪಾಸಿನ ತುಂಡನ್ನೂ ಸಹಿ ಮಾಡಿದ ಹೇಳಿಕೆಯನ್ನೂ ತಮಗೆ ಅಂಚೆಯಲ್ಲಿ ಕಳಿಸಿದ್ದೇನೆ. ಬೇಕಿದ್ದರೆ ಖುದ್ದು ಬಂದು ಹೇಳಲು ಅವರು ತಯಾರಿದ್ದಾರೆ. ಬಸ್ಸಿನಲ್ಲಿ ಬರುತ್ತಾರಂತೆ.

ನನ್ನ ಬೇಡಿಕೆ ಸಣ್ಣದು. ಪರಿಹಾರ ಬೇಡ, ಕ್ಷಮೆ ಬೇಡ, ಹೊಸ ವಿಮಾನವನ್ನೂ ಕೇಳುತ್ತಿಲ್ಲ. ಒಂದು ಹಾಳೆ ಬೇಕು. ವಿಮಾನ ತಡವಾದ ಕಾರಣ ತೂಕ ಕಡಿಮೆ ಮಾಡಬೇಕಾಯಿತೆಂದೂ, ಅದಕ್ಕಾಗಿ ಇಬ್ಬರು ಪ್ರಯಾಣಿಕರನ್ನು ಇಳಿಸಲಾಯಿತೆಂದೂ ಅದರಲ್ಲಿ ಬರೆಯಿರಿ. ಸಾಧ್ಯವಾದರೆ ಕನ್ನಡದಲ್ಲಿ ಬರೆಯಿರಿ. ಅವ್ವ ಈಚೆಗೆ ಸಹಿ ಹಾಕುವ ಮೊದಲು ಓದಿಸಿಕೊಳ್ಳುತ್ತಾಳೆ. ಜುಲೈ ಇಪ್ಪತ್ತೊಂದಕ್ಕೆ ವಿಶ್ವವಿದ್ಯಾಲಯದ ಗಡುವು ಮುಗಿಯುತ್ತದೆ.

ಪುಟ ತೆಗೆಯುತ್ತಾರೆ ಎಂದು ದುರ್ಗಾ ಹೇಳಿದ ದಿನ ಅವ್ವ, “ನನ್ನ ಹೆಸರು ಬೇಕಾದ್ರ ತೆಗೀಲಿ. ಮಾತು ಖರೇ ಅದ, ಅದನ್ನ ತೆಗೀಬ್ಯಾಡ್ರಿ ಅನ್ನು” ಎಂದಳು. ಅವಳು ಇಷ್ಟಕ್ಕೆ ಒಪ್ಪಿಕೊಂಡಿದ್ದಾಳೆ. ನಾನು ಒಪ್ಪಿಲ್ಲ. ಅವಳ ಹೆಸರೂ ಇರಬೇಕು, ಮಾತೂ ಇರಬೇಕು.

ಇಂತಿ,
ಇನ್ನು ಇಪ್ಪತ್ತಾರು ದಿನ ತಮ್ಮ ಅಂಚೆಯ ದಾರಿ ಕಾಯುವ,
ಸುಜಾತಾ
ಮಾನ್ವಿ, ರಾಯಚೂರು ಜಿಲ್ಲೆ